ಚೀಲದಲ್ಲಿ ಉಳಿಯದ ಲೇಪ

ಜೂನ್ 4
ಬೆಳಿಗ್ಗೆಯಿಂದ ಅದೇ — ಅಗೆ, ಒಣಗಿಸು, ತೂಗು, ಬರೆ. ಗೊಬ್ಬರದ ಕಾಳಿಗೆ ಹಚ್ಚುವ ಲೇಪದ ಪರೀಕ್ಷೆ. ಗೊಬ್ಬರವನ್ನು ನಿಧಾನಕ್ಕೆ ಬಿಟ್ಟುಕೊಟ್ಟು, ಕೊನೆಗೆ ತಾನೂ ಕೊಳೆತು ಮಣ್ಣಾಗಬೇಕು. ಬರೀ ಲೇಪದ ಚೂರುಗಳನ್ನು ಬಲೆಚೀಲದಲ್ಲಿ ಕಟ್ಟಿ ಕುಂಡಗಳಲ್ಲಿ ಹೂತು ಅರವತ್ತು ದಿನ. ಹೋದ ತಿಂಗಳು ಮುಕ್ಕಾಲು ಪಾಲು ಇತ್ತು. ಇವತ್ತು ಕಾಲು ಪಾಲೂ ಇಲ್ಲ. ಭಾವ ರಿಜಿಸ್ಟರಿನಲ್ಲಿ "ಕರಗಿದೆ" ಎಂದು ಬರೆದು, ಸಿಳ್ಳೆ ಹಾಕುತ್ತ ಹೋದರು. ಲೇಪ ಅವರದೇ. ಲ್ಯಾಬೂ ಅವರ ಕೈಯಲ್ಲೇ. ಹೂಂ...

ಜೂನ್ 5
ತಲೆಗೆ ಹುಳ ಬಿಟ್ಟಹಾಗಾಗಿದೆ. ಒಂದೇ ತಿಂಗಳಲ್ಲಿ ಅಷ್ಟು ಹೇಗೆ ಕರಗೀತು? ಕುಂಡದ ಕೋಣೆಗೆ ಎರಡೇ ಕೀಲಿ — ನನ್ನದು, ಭಾವನದು. ಭಾನುವಾರ ಅವರ ಚಪ್ಪಲಿಯಲ್ಲಿ ಮಣ್ಣು. ತೋಟಕ್ಕೆ ನೀರು ಹಾಕಿ ಬಂದರಂತೆ, ಅಕ್ಕ ಹೇಳಿದಳು. ಯಾವ ತೋಟ? ಯಾರ ಕಿವಿಗೆ ಹೂ ಇಡುತ್ತಾರೆ?

ಜೂನ್ 9
ಮುಂದಿನ ತಿಂಗಳು ಇದು ಇನ್ನೂರು ರೈತರ ಹೊಲಕ್ಕೆ. ಕೊಳೆಯದಿದ್ದರೆ ಅವರ ಮಣ್ಣಲ್ಲೇ ಕೂತುಬಿಡುತ್ತದೆ, ಹೆಕ್ಕಿ ತೆಗೆಯುವವರು ಯಾರು? ಡೈರೆಕ್ಟರ್ ಮೇಡಂಗೆ ಪತ್ರ ಹಾಕಿದೆ. ಭಾವ ಚೀಲ ಬಿಚ್ಚಿ ಚೂರು ಕದಿಯುತ್ತಿದ್ದಾರೆ ಎಂದೇ ಬರೆದೆ. ನನ್ನ ಹೆಸರು ಹಾಕಲಿಲ್ಲ. ಊಟಕ್ಕೆ ಭಾವನೇ ಬಡಿಸಿದರು. ತಲೆ ಎತ್ತಲಾಗಲಿಲ್ಲ.

ಜೂನ್ 17, ಮಧ್ಯಾಹ್ನ
ಭಾವ ಊರಲ್ಲಿಲ್ಲ. ಒಬ್ಬಳೇ ಕುಂಡದ ಮಣ್ಣು ಜರಡಿ ಹಿಡಿದೆ. ಅಯ್ಯೋ ದೇವರೇ... ಚೂರುಗಳು. ಸಾಸಿವೆಗಿಂತ ಸಣ್ಣವು. ಎಲ್ಲ ಅಲ್ಲೇ ಇವೆ. ಯಾರೂ ಕದ್ದಿಲ್ಲ. ಕರಗಿಲ್ಲ, ಕೊಳೆತೂ ಇಲ್ಲ — ಪುಡಿಯಾಗಿ ಚೀಲದ ತೂತಿನಿಂದ ಉದುರಿವೆ ಅಷ್ಟೆ. ಆ ಚೀಲ ಹೊಲಿದವಳು ನಾನು. ಸಣ್ಣ ಕಣ್ಣಿನ ಬಲೆ ಬರುವುದು ತಡ ಎಂದು ಸೊಳ್ಳೆಪರದೆ ಕತ್ತರಿಸಿ ಹೊಲಿದೆ. ಯಾರಿಗೂ ಹೇಳಲೂ ಇಲ್ಲ.
ಮನೆಗೆ ಬಂದು ಮಹಡಿ ಹತ್ತಿದೆ. ಭಾವನ ಬದನೆ ಗಿಡಗಳು, ಎರಡು ಸಾಲು. ಇಷ್ಟು ದಿನದಲ್ಲಿ ಒಮ್ಮೆಯಾದರೂ ಹತ್ತಿ ನೋಡಿದ್ದೆನೇ? ಥೂ ನನ್ನ ಬುದ್ಧಿಗೆ.

ಜೂನ್ 18
ಭಾವ ಬಂದರು. ಮುಖ ಇಷ್ಟು ಸಣ್ಣದಾಗಿತ್ತು.
"ಯಾರೋ ನನ್ನ ಮೇಲೆ ಬರ್ದಿದ್ದಾರೆ ಕಣಮ್ಮ. ನಾಳೆ ವಿಚಾರಣೆ. ಚೀಲ ಹೊಲಿದಿದ್ದರಿಂದ ಹಿಡಿದು ಎಲ್ಲ ನಿನ್ನ ಕೈಲೇ ಆಗಿದ್ದು, ನಾನು ಚೀಲ ಮುಟ್ಟೇ ಇಲ್ಲ ಅಂತ ಹೇಳ್ಬಿಡು, ಸಾಕು. ನಿನ್ನ ಮಾತು ನಂಬ್ತಾರೆ."
ಇವಳಿರುವಾಗ ತನಗೆ ಭಯವಿಲ್ಲ ಎಂದು ಅಕ್ಕ ನನ್ನ ಬೆನ್ನು ಸವರಿದಳು.
ಊಟಕ್ಕೆ ಕರೆಯುತ್ತಿದ್ದಾರೆ. ಹೇಳಬೇಕಾದದ್ದನ್ನು ಇಲ್ಲಿ ಬರೆದುಕೊಂಡೇ ಹೋಗುತ್ತೇನೆ, ಇಲ್ಲದಿದ್ದರೆ ಅಲ್ಲಿ ಬಾಯಿ ಬರುವುದಿಲ್ಲ.
ಭಾವ, ಆ ಪತ್ರ ಹಾಕಿದ್ದು —