ಕಡಲಿಗೆ ಬೆನ್ನು ಹಾಕಿದ ಕಟ್ಟಡ

ಗುರ್‌ಗಾಂವ್
೧೧ ಜೂನ್ ೨೦೦೬

ಅಮ್ಮನಿಗೆ ಸರಳಾ ಮಾಡುವ ನಮಸ್ಕಾರ.

ಕಾಗದ ಬರೆದು ತಿಂಗಳಾಯಿತು, ಬೈದುಕೊಂಡಿರುತ್ತೀ. ಬೈದುಕೋ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಸೆಕೆ ಹೇಳತೀರದು. ಕರೆಂಟು ಹೋದರೆ ಲಿಫ್ಟೂ ಇಲ್ಲ, ನೀರೂ ಇಲ್ಲ. ಆದರೂ ಗಟ್ಟಿಯಾಗಿದ್ದೇನೆ, ಊಟ ಬಿಟ್ಟಿಲ್ಲ.

ನಮ್ಮ ಬಂದರಿನ ಹೊಸ ಮೀನು ಮಾರುಕಟ್ಟೆಯ ನಕ್ಷೆ ಮಾಡುವ ಕೆಲಸ ನಮ್ಮ ಆಫೀಸಿಗೇ ಬಂದಿದೆಯಲ್ಲ, ಅದರ ಮೇಲೆ ದೊಡ್ಡ ಜಗಳವಾಯಿತು. ನಾನು ಕಡಲ ಕಡೆಗೆ ಕಿಟಕಿಯೇ ಇಲ್ಲದ ದಪ್ಪ ಗೋಡೆ ಬರೆದಿದ್ದೆ, ಬಾಗಿಲೆಲ್ಲ ಊರ ಕಡೆಗೆ. ಆಫೀಸಿನ ಯಜಮಾನರಾದ ಚಡ್ಢಾ ಸಾಹೇಬರು ಅದನ್ನು ತೆಗೆಸಿ, ಅಷ್ಟುದ್ದಕ್ಕೂ ಗಾಜು ಹಾಕಿಸಿದರು. ಸಮುದ್ರಕ್ಕೆ ಬೆನ್ನು ಹಾಕಿ ಯಾರಾದರೂ ಕೂರುತ್ತಾರಾ ಎಂದು ನಕ್ಕರು.

"ನಮ್ಮ ಹೆಂಗಸರು ಕೂರೋದೇ ಹಾಗೆ, ಸರ್," ಅಂದೆ. "ಗಾಳಿಗೆ ಬೆನ್ನು ಕೊಟ್ಟು, ಬುಟ್ಟಿ ಮಡಿಲ ಹತ್ತಿರ ಇಟ್ಟುಕೊಂಡು."

ಅಚ್ಛಾ ಎಂದು ಚಹಾ ಕುಡಿದರು, ಅಷ್ಟೇ. ನಮ್ಮ ಮಳೆಗಾಲದ ಗಾಳಿಗೆ ಆ ಗಾಜು ಎಷ್ಟು ದಿನ ನಿಂತೀತು? ಉಪ್ಪು ಒಳಹೊಕ್ಕು ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಹಳೆಯ ಮಾರುಕಟ್ಟೆಯ ಸೂರು ಮೀನು ಮಾರುತ್ತಿದ್ದ ರತ್ನಕ್ಕನ ಭುಜದ ಮೇಲೆ ಬಿದ್ದದ್ದು ನಾನು ಮರೆತಿಲ್ಲ. ಅದಕ್ಕೇ ಕಂಬಗಳ ಕಬ್ಬಿಣದ ಮೇಲೆ ಕಾಂಕ್ರೀಟು ಇನ್ನೂ ದಪ್ಪ ಬೇಕೆಂದೆ. ಕಂಬ ಸಣ್ಣಗಿದ್ದರೇ ಚೆಂದ ಎಂದರು. ಚೆಂದವಂತೆ! ಮೈಯೆಲ್ಲ ಉರಿದುಹೋಯಿತು. ಈ ನಕ್ಷೆಗೆ ನನ್ನ ಸಹಿ ಬೀಳುವುದಿಲ್ಲ ಎಂದೆ. ಹಾಗಾದರೆ ಕೆಲಸ ಬಿಡು ಎಂದರು. ಬಿಟ್ಟೆ.

ನೀನು ಅಳಬೇಡ, ನಾನು ಅತ್ತಿಲ್ಲ. ಶುಕ್ರವಾರ ರೈಲು ಹತ್ತುತ್ತೇನೆ, ನನ್ನ ನಕ್ಷೆ ಜೊತೆಗೇ ಬರುತ್ತದೆ. ಹೇಗೂ ಮಳೆಗಾಲ, ಕಡಲಿಗೆ ಬೋಟು ಇಳಿಸದ ಕಾಲ, ಹೆಂಗಸರೆಲ್ಲ ಮನೆಯಲ್ಲೇ ಇರುತ್ತಾರೆ. ಅವರನ್ನು ಒಂದು ಕಡೆ ಸೇರಿಸು. ಇನ್ನೂ ಪಾಯ ತೋಡಿಲ್ಲ, ಕಾಲ ಮಿಂಚಿಲ್ಲ. ಮಾರುಕಟ್ಟೆ ಕಟ್ಟಿಸುವ ಇಲಾಖೆಯವರು ನಮ್ಮ ಮಾತು ಕೇಳದಿದ್ದರೆ ಅವರ ಆಫೀಸಿನ ಮೆಟ್ಟಿಲ ಮೇಲೆ ಕೂರೋಣ. ಗೋಡೆಗೆ ಒಪ್ಪುವ ತನಕ ನಾನಂತೂ ಏಳುವವಳಲ್ಲ.

ರತ್ನಕ್ಕನನ್ನು ಕೇಳಿದೆನೆಂದು ಹೇಳು. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಈಗ ಅದು ಬೇಕು.

ನಿನ್ನ
ಸರಳಾ

ಮತ್ತೆ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ಬಂದರಿನ ಸಭೆಯಲ್ಲಿ ಗಾಜಿನ ಚಿತ್ರ ತೋರಿಸಿದಾಗ ಒಪ್ಪಿಗೆಯೆಂದು ಮೊದಲು ಕೈ ಎತ್ತಿದ್ದು ಮಹಿಳಾ ಸಂಘದ ಅಧ್ಯಕ್ಷೆ ಎಂದು ಸಾಹೇಬರು ಹೇಳಿದರು. ಅಂದರೆ ನೀನು. ನನ್ನ ಮಗಳ ದೆಹಲಿ ಆಫೀಸೂ ಹೀಗೇ ಫಳಫಳ ಅನ್ನುತ್ತದೆ ಎಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿದೆಯಂತೆ. ಅಮ್ಮಾ, ಆ ಮಗಳನ್ನು ಒಂದು ಮಾತು ಕೇಳಬೇಕು ಅಂತ ನಿನಗೆ ಅನ್ನಿಸಲೇ ಇಲ್ಲವೇ?