ಬೆನ್ನುಪಾಠ

ಗದಗ, ಫೆಬ್ರವರಿ 30, 2119

ರಸಾಯನಶಾಸ್ತ್ರದ ಉಪನ್ಯಾಸಕರಾದ ಚಂದ್ರಮೌಳೆಪ್ಪ ಸರ್ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಹುಡುಕಬೇಡಿ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಅಕ್ಷರ ಇಷ್ಟು ದಪ್ಪ ಇರುವುದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ನನ್ನ ಕಣ್ಣು ಮಂದ. ನಮ್ಮ ಕಾಲೇಜಿನಲ್ಲಿ ಎಲ್ಲರೂ ಬರೆಯುವುದು ಹೀಗೆಯೇ.

ನಾನೂ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮ ತರಗತಿಯಲ್ಲಿ ಬೆಂಚುಗಳನ್ನು ಬಳೆಯ ಹಾಗೆ ದುಂಡಗೆ ಜೋಡಿಸಿದೆ. ಬೋರ್ಡು ನನ್ನ ಮೇಜಿನ ಮೇಲೆಯೇ ಮಲಗಿರುತ್ತದೆ. ಅದರಲ್ಲಿ ಬರೆದದ್ದು ಪ್ರತಿ ಬೆಂಚಿನಲ್ಲೂ ಅವರವರ ಕಣ್ಣಿಗೆ ತಕ್ಕ ಗಾತ್ರದಲ್ಲಿ ಮೂಡುತ್ತದೆ. ಕಿವಿ ಕೇಳುವವರೂ ಕೇಳದವರೂ ಕೈಮಾತು ಬಲ್ಲರು. ವಿದ್ಯಾರ್ಥಿಗಳಿಗೆ ಬೆನ್ನು ಹಾಕಿ ಮಾತಾಡುವುದನ್ನು ನಾವು 'ಬೆನ್ನುಪಾಠ' ಎನ್ನುತ್ತೇವೆ. ನಮ್ಮಲ್ಲಿ ಅದು ಬೈಗುಳ. ಸರ್, ನಮ್ಮ ಮನೆಯಲ್ಲಿ ಆ ಬೈಗುಳ ಹುಟ್ಟಿದ್ದು ನಿಮ್ಮಿಂದ.

ನಿಮ್ಮ ಪಿಯುಸಿ ತರಗತಿಯ ಎರಡನೇ ಬೆಂಚಿನಲ್ಲಿ ದ್ರಾಕ್ಷಾಯಣಿ ಕೂರುತ್ತಾಳೆ. ಕಿವಿ ಕೇಳದ ಹುಡುಗಿ, ನಿಮ್ಮ ತುಟಿ ನೋಡಿಯೇ ಪಾಠ ಹಿಡಿಯುವವಳು. ಅವಳು ನನ್ನ ಮುತ್ತಜ್ಜಿ. ಅವಳ ನೋಟ್‌ಬುಕ್ ನನ್ನ ಮುಂದಿದೆ. ವಾಕ್ಯಗಳೆಲ್ಲ ಅರ್ಧಕ್ಕೇ ನಿಂತಿವೆ, ಏಕೆಂದರೆ ನೀವು ಮಾತಾಡುತ್ತಲೇ ಬೋರ್ಡಿನ ಕಡೆ ತಿರುಗುತ್ತೀರಿ. ಒಂದು ಪುಟದಲ್ಲಿ 'ಆಮ್ಲಕ್ಕೆ ನೀರು' ಎಂದಿದೆ, ಮುಂದೆ ಖಾಲಿ. ಕನ್ನಡದಲ್ಲಿ 'ಬೇಡ' ಬರುವುದು ವಾಕ್ಯದ ಕೊನೆಗೆ. 'ಹಾಕಬಾರದು' ಎಂಬ ಮಾತನ್ನು ನೀವು ಬೋರ್ಡಿಗೆ ಹೇಳಿದಿರಿ.

ಮರುದಿನ ಪ್ರಯೋಗಾಲಯದಲ್ಲಿ ಅವಳು ಹಾಕಿದಳು. ಆಮ್ಲ ಸಿಡಿದು ಬಲಗೈ ಸುಟ್ಟುಹೋಯಿತು. ಮಾತಾಡುವ ಕೈ ಅದು! ಆಮೇಲೆ ಅವಳಪ್ಪನನ್ನು ಕರೆಸಿ ನೀವು ಹೇಳಿದ್ದು:

"ಪಾಪ, ಕಿವಿ ಕೇಳಂಗಿಲ್ಲ, ಇಕಿಗ್ಯಾಕ್ರೀ ಸೈನ್ಸು? ಹೊಲಿಗಿ ಕಲಸ್ರಿ."

ಕುಣಿಯಲಾರದವರಿಗೆ ನೆಲ ಡೊಂಕು. ನಿಮ್ಮ ಆ 'ಪಾಪ'ಕ್ಕೆ ಬೆಂಕಿ ಬೀಳಲಿ. ಸುಟ್ಟ ಕೈಗೆ ಸೂಜಿ ಕೊಡಿಸಿದಿರಿ. ಅಂದು ಮಾತ್ರ ನಿಮ್ಮ ಮುಖ ಅವಳ ಕಡೆಗಿತ್ತು. ಎಡಗೈಯಲ್ಲಿ, ಸೊಟ್ಟ ಅಕ್ಷರದಲ್ಲಿ, ಅವಳು ಅದನ್ನು ಬರೆದಿಟ್ಟಿದ್ದಾಳೆ. ಇಡೀ ನೋಟ್‌ಬುಕ್ಕಿನಲ್ಲಿ ಪೂರ್ತಿಯಾಗಿರುವ ನಿಮ್ಮ ಮಾತು ಅದೊಂದೇ.

ಅವಳ ಕಿರುಬೆರಳು ಮತ್ತೆ ನೆಟ್ಟಗಾಗಲಿಲ್ಲ. ಆ ಕೈಯಿಂದಲೇ ಮಕ್ಕಳಿಗೆ ಕೈಮಾತು ಕಲಿಸಿದಳು. ಇವತ್ತಿಗೂ ನಾವು ಮನೆಯವರೆಲ್ಲ ಕೈಮಾತಿನಲ್ಲಿ 'ಶಾಲೆ' ಎನ್ನುವಾಗ ಕಿರುಬೆರಳು ಮಡಚುತ್ತೇವೆ. ಊರಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಈ ನೋಟ್‌ಬುಕ್ ಸಿಗುವವರೆಗೆ ಯಾಕೆಂದು ನನಗೂ ಗೊತ್ತಿರಲಿಲ್ಲ.

ನನಗೆ ಆಗಿಹೋದದ್ದು ನಿಮಗಿನ್ನೂ ಆಗಬೇಕಾದದ್ದು. ಆ ಪಾಠದ ದಿನ ಬೆಳಿಗ್ಗೆಯೇ ಈ ಪತ್ರ ನಿಮ್ಮ ಕೈ ಸೇರುತ್ತದೆ. ನಿಮ್ಮ ಪಶ್ಚಾತ್ತಾಪ ನನಗೆ ಬೇಡ. ಸೀಮೆಸುಣ್ಣ ಕೆಳಗಿಡಿ, ಎರಡನೇ ಬೆಂಚಿನ ಕಡೆ ತಿರುಗಿ, ವಾಕ್ಯ ಮುಗಿಸಿ.

ಈಗಷ್ಟೇ 'ಶಾಲೆ' ಎಂದು ಕೈಯಲ್ಲಿ ಹೇಳಿ ನೋಡಿದೆ. ಕಿರುಬೆರಳು ಇನ್ನೂ ಮಡಚಿಕೊಳ್ಳುತ್ತಿದೆ.

ದ್ರಾಕ್ಷಾಯಣಿಯ ಮರಿಮೊಮ್ಮಗಳು,
ಇಂಚರಾ