ಬಡ್ಡಿಯಿಲ್ಲದ ರೊಕ್ಕ

ಕಮಲಾಪುರ
ಭಾನುವಾರ, 9 ಫೆಬ್ರುವರಿ 2025

ಪ್ರೀತಿಯ ಸಂಘಮಿತ್ರಾ,

ಜೈಭೀಮ್. ನಿನ್ನ ಅವ್ವ ಶೇವಂತಾ ಅವರಿಗೆ ನನ್ನ ಸಲಾಂ ಹೇಳು. ನಿನ್ನ ಫೋನ್ ಮೂರು ಸಲ ಬಂದರೂ ಎತ್ತಲಿಲ್ಲ, ಸಿಟ್ಟಾಗಬೇಡ. ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ. ಅದಕ್ಕೇ ಬೀದರಿನ ನಿನ್ನ ವಿಳಾಸ ಹುಡುಕಿ ಈ ಕಾಗದ.

ಅಮ್ಮಿ ಉಳಿದರು. ನಿನ್ನೆ ಕಲಬುರಗಿಯ ಆಸ್ಪತ್ರೆಯಿಂದ ಊರಿಗೆ ಕರೆತಂದೆವು.

ನನ್ನ ತಮ್ಮ ಆಮಿರ್ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿರುವುದು ನಿನಗೆ ಗೊತ್ತು. ಹೋದ ವರ್ಷದಿಂದ ಅವನೂ ಅವನ ಗೆಳೆಯರೂ ಷರಿಯತ್ತಿನ ಪ್ರಕಾರ ನಡೆಯುವ ಡಿಜಿಟಲ್ ವ್ಯಾಲೆಟ್ ಇಟ್ಟುಕೊಂಡಿದ್ದಾರೆ. ಅದರಲ್ಲಿ ಬಡ್ಡಿ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ಬಡವರಿಗೆ ಕೊಡಬೇಕಾದ ಜಕಾತ್ ಎಷ್ಟೆಂದು ಅದೇ ಲೆಕ್ಕ ಹಾಕುತ್ತದೆ. ಕಷ್ಟ ಬಂದರೆ ಒಬ್ಬರಿಗೊಬ್ಬರು ಕೈಗಡ ಕೊಡುತ್ತಾರೆ. ಅವನು ಸಿಗರೇಟು ಬಿಟ್ಟು ಉಳಿಸತೊಡಗಿದಾಗ ನಾನೇ ಖುಷಿಪಟ್ಟಿದ್ದೆ. ನಾನು ಒಂಬತ್ತು ವರ್ಷದಿಂದ ಬ್ಯಾಂಕಿನಲ್ಲಿ ದುಡಿಯುವವಳು ಎಂಬುದು ಆಗ ಯಾರಿಗೂ ಅಡ್ಡ ಬಂದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಮ್ಮಿಗೆ ಎದೆನೋವು. ಆಸ್ಪತ್ರೆಯ ಕೌಂಟರಿನವನು, "ಎರಡು ತಾಸಿನಾಗ ಸ್ಟೆಂಟ್ ಹಾಕಬೇಕ್ರಿ, ಮೊದಲ ಒಂದೂವರೆ ಲಕ್ಷ ಕಟ್ರಿ" ಎಂದ. ನಾನು ಕಾರ್ಡ್ ತೆಗೆದೆ. ಆಮಿರ್ ನನ್ನ ಮುಂಗೈ ಹಿಡಿದ.

"ಬ್ಯಾಡ ಆಪಾ. ಅದು ಬಡ್ಡಿ ಬರಿಯೋ ಕೆಲಸದ ಪಗಾರ. ಅಮ್ಮೀ ಮೈಯಾಗ ಆ ರೊಕ್ಕ ಹೋಗೂದು ಬ್ಯಾಡ."

"ನಿನ್ನ ಕಾಲೇಜ್ ಫೀಸ್ ಯಾವ ರೊಕ್ಕದಾಗ ಕಟ್ಟೀನೋ?"

"ಆಗ ನನಗ ತಿಳೀತಿರಲಿಲ್ಲ."

ಸಾಲಿನಲ್ಲಿ ನಿಂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು. "ಒಂದು ತಾಸು ಕೊಡ್ತೀನಿ. ಆಮ್ಯಾಲ ನೀ ಅಡ್ಡ ಬಂದರೂ ಕಟ್ಟತೀನಿ" ಎಂದೆ.

ಅವನು ಗೆಳೆಯರಿಗೆಲ್ಲ ಸಂದೇಶ ಕಳಿಸಿದ. ಐದುನೂರು, ಎರಡು ಸಾವಿರ, ಹೀಗೆ ಬರತೊಡಗಿತು. ಅವನು ಫೋನ್ ನೋಡುತ್ತಿದ್ದ, ನಾನು ಗೋಡೆಯ ಗಡಿಯಾರ. ಐವತ್ತೈದು ನಿಮಿಷವಾದರೂ ಮೂವತ್ತು ಸಾವಿರ ಕಡಿಮೆ. ನರ್ಸ್ ಹೊರಗೆ ಬಂದು, "ಬಿ.ಪಿ. ಇಳಿಯಾಕತ್ತದ. ಇನ್ನೂ ಕಟ್ಟಿಲ್ಲೇನ್ರಿ?" ಎಂದು ಗದರಿದಳು. ನಾನು ಓಡಿಹೋಗಿ ಕಾರ್ಡನ್ನು ಕೌಂಟರಿನವನ ಕೈಗಿಟ್ಟೆ.

"ಬಂತು ಆಪಾ! ಖಮರುದ್ದೀನ್ ಹಾಕ್ಯಾನ!" ಆಮಿರ್ ಕೂಗಿದ. ಖಮರುದ್ದೀನ್ ಪಂಕ್ಚರ್ ಅಂಗಡಿಯವನು. ತಂಗಿಯ ಮದುವೆಗೆಂದು ಇಟ್ಟಿದ್ದನ್ನು ಕಳಿಸಿದ್ದ. ಕೌಂಟರಿನವನು ಆಮಿರ್‌ನ ವ್ಯಾಲೆಟ್ಟಿನಿಂದಲೇ ಕಟ್ಟಿಸಿಕೊಂಡು ನನ್ನ ಕಾರ್ಡನ್ನು ವಾಪಸ್ ಕೊಟ್ಟ.

ಆ ಹುಡುಗರನ್ನು ಬೈಯಲಾರೆ, ಸಂಘಮಿತ್ರಾ. ಮೂವತ್ತೇಳು ಜನ ಕೊಟ್ಟರು. ಯಾವಾಗ ತಿರುಗಿಸುತ್ತೀ ಎಂದು ಒಬ್ಬನೂ ಕೇಳಲಿಲ್ಲ. ಆದರೆ ಆ ಒಂದು ತಾಸಿನಲ್ಲಿ ಅಮ್ಮಿಗೆ ಏನಾದರೂ ಆಗಿದ್ದರೆ? ಆ ತಾಸು ಕೊಟ್ಟವಳು ನಾನೇ.

ಆಮಿರ್ ಅಮ್ಮಿಯ ಕಾಲೊತ್ತುತ್ತಾನೆ, ಮಾತ್ರೆ ಕೊಡುತ್ತಾನೆ. ನನ್ನೊಂದಿಗೆ ಮಾತ್ರ ಅಗತ್ಯವಿದ್ದಷ್ಟೇ ಮಾತು.

ನಿನ್ನ ಮಕ್ಕಳಿಗೆ ಆಯುಷ್ಯ, ಆರೋಗ್ಯ ಸಿಗಲಿ. ನಿನ್ನ ಮನೆ ತಂಪಾಗಿರಲಿ.

ನಿನ್ನ
ಹಾಜಿರಾ

ತಾ.ಕ.: ಒಂದು ಮಾತು ಬರೆಯದೆ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇವತ್ತು ಮಧ್ಯಾಹ್ನ ನಾನು ಪೇಟೆಯಿಂದ ಕೆಂಪು ಬಾಳೆಹಣ್ಣು ತಂದು ಸುಲಿದು ಕೊಟ್ಟೆ. ಅಮ್ಮಿ ಕೈಯಲ್ಲಿ ಹಿಡಿದುಕೊಂಡೇ ಕೂತರು. ಆಮೇಲೆ ಆಮಿರ್‌ನ ಕಡೆ ತಿರುಗಿ, "ಇದು ಯಾರ ರೊಕ್ಕದ್ದು, ಬೇಟಾ?" ಎಂದು ಮೆಲ್ಲಗೆ ಕೇಳಿದರು. ಅವನು ನನ್ನ ಮುಖ ನೋಡಿದ. "ನಂದು, ಅಮ್ಮೀ" ಎಂದ.

ಅಮ್ಮಿ ಬಿಸ್ಮಿಲ್ಲಾ ಎಂದು ತಿಂದರು.